ತೀವ್ರ ಕಣ್ಣಿನ ಅಲರ್ಜಿಗೆ ಮುಲಾಮು ಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ರೋಗದ ಸ್ವರೂಪ
ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಚಚಡಿಯಂತಹ ಬಯಲುಸೀಮೆಯ ಗ್ರಾಮಗಳಲ್ಲಿ ಬೇಸಿಗೆಯ ಬಿಸಿಲು ಹಾಗೂ ಧೂಳಿನಿಂದ ಕಣ್ಣಿನ ಅಲರ್ಜಿಯು ಉಲ್ಬಣಗೊಳ್ಳುವ ಸಂಭವವಿರುತ್ತದೆ. ಇದರ ತೀವ್ರ ರೂಪವಾದ ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಮಕ್ಕಳಲ್ಲಿ, ವಿಶೇಷವಾಗಿ ಬಾಲಕರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಸತತ ತುರಿಕೆ, ಕಣ್ಣು ಕೆಂಪಾಗುವುದು, ಎಳೆಎಳೆಯಾಗಿ ಗೀಜು ಬರುವುದು, ಬೆಳಕನ್ನು ನೋಡಲಾಗದಿರುವುದು ಹಾಗೂ ರೆಪ್ಪೆಯ ಬಾವು ಇದರ ಲಕ್ಷಣಗಳು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಣ್ಣುಬೇನೆಯಲ್ಲ. ಆದರೆ ನಿರ್ಲಕ್ಷಿಸಿದಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಿ ದೃಷ್ಟಿ ಮಸುಕಾಗಬಹುದು.

ಸ್ಟೀರಾಯ್ಡ್ ಹನಿಗಳ ಬಗ್ಗೆ ಎಚ್ಚರಿಕೆ
ಸ್ಟೀರಾಯ್ಡ್ ಹನಿಗಳಿಂದ ಬೇಗನೆ ಉಪಶಮನ ದೊರೆಯುತ್ತದೆ. ಈ ಕಾರಣದಿಂದ ಹಳೆಯ ಚೀಟಿಯನ್ನೇ ತೋರಿಸಿ ಪ್ರತಿ ಬೇಸಿಗೆಯಲ್ಲಿ ಅದೇ ಔಷಧವನ್ನು ಖರೀದಿಸಿ ಬಳಸುವುದು ಅಪಾಯಕರ. ವೈದ್ಯರ ನಿಗಾ ಇಲ್ಲದ ದೀರ್ಘಕಾಲದ ಬಳಕೆಯಿಂದ ಕಣ್ಣಿನ ಪೊರೆ ಮತ್ತು ಗ್ಲಾಕೋಮಾ ಉಂಟಾಗಬಹುದು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಕಳೆದುಹೋದ ದೃಷ್ಟಿಯು ಮರಳಿ ಬಾರದು.

ಟ್ಯಾಕ್ರೋಲಿಮಸ್ ಮುಲಾಮು
ಹನಿಗಳಿಗೆ ಬಗ್ಗದ ಅಥವಾ ಪದೇಪದೇ ಮರುಕಳಿಸುವ ಪ್ರಕರಣಗಳಲ್ಲಿ ನೇತ್ರತಜ್ಞರು ಶೇ. 0.03ರ ಟ್ಯಾಕ್ರೋಲಿಮಸ್ ಕಣ್ಣಿನ ಮುಲಾಮನ್ನು ಸೂಚಿಸಬಹುದಾಗಿದೆ. 1984ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಪತ್ತೆಯಾದ ಈ ಔಷಧವು ಸ್ಟೀರಾಯ್ಡ್ ಅಲ್ಲ. ಅಲರ್ಜಿಗೆ ಕಾರಣವಾಗುವ ರೋಗನಿರೋಧಕ ಕಣಗಳ ಅತಿ ಪ್ರತಿಕ್ರಿಯೆಯನ್ನು ಇದು ತಡೆಯುತ್ತದೆ. ಕಣ್ಣಿನ ಒತ್ತಡವನ್ನು ಹೆಚ್ಚಿಸುವುದಿಲ್ಲ. ಪೂರ್ಣ ಪರಿಣಾಮಕ್ಕೆ ಕೆಲವು ವಾರಗಳು ಬೇಕಾಗುತ್ತವೆ.

ಬಳಸುವ ವಿಧಾನ
1. ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳತಕ್ಕದ್ದು.
2. ಕೆಳರೆಪ್ಪೆಯನ್ನು ಎಳೆದು, ಅಕ್ಕಿಕಾಳಿನಷ್ಟು ಮುಲಾಮನ್ನು ಒಳಗೆ ಹಾಕಿ ಕಣ್ಣು ಮುಚ್ಚತಕ್ಕದ್ದು. ಟ್ಯೂಬಿನ ತುದಿ ಕಣ್ಣಿಗೆ ತಾಗಬಾರದು.
3. ಆರಂಭದಲ್ಲಿ ಉರಿ ಹಾಗೂ ಸ್ವಲ್ಪ ಹೊತ್ತು ಮಂಜು ದೃಷ್ಟಿ ಸಹಜ. ಈ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸಬಾರದು.
4. ಇದೇ ಹೆಸರಿನ ಚರ್ಮದ ಮುಲಾಮು ಸಹ ಮಾರಾಟದಲ್ಲಿದೆ. ಕೊಳ್ಳುವಾಗ ಟ್ಯೂಬಿನ ಮೇಲೆ ಕಣ್ಣಿನ ಬಳಕೆಗೆಂದು ಮುದ್ರಿತವಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
5. ಕಣ್ಣಿನಲ್ಲಿ ಸೋಂಕು ಇದ್ದವರು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ಈ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಸಂಪರ್ಕಿಸಬೇಕಾದ ಸ್ಥಳ
ಚಚಡಿ ಹಾಗೂ ಸುತ್ತಲಿನ ಗ್ರಾಮಸ್ಥರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು, ಅಲ್ಲಿನ ಶಿಫಾರಸಿನ ಮೇರೆಗೆ ತಾಲ್ಲೂಕು ಆಸ್ಪತ್ರೆಯನ್ನು ಅಥವಾ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ನೇತ್ರ ವಿಭಾಗವನ್ನು ಸಂಪರ್ಕಿಸಬಹುದು. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಈವರೆಗೆ ಬಳಸಿದ ಎಲ್ಲ ಔಷಧಗಳ ಚೀಟಿ ಹಾಗೂ ಖಾಲಿ ಬಾಟಲಿಗಳನ್ನು ತರತಕ್ಕದ್ದು. ಹಿಂದೆ ಸ್ಟೀರಾಯ್ಡ್ ಬಳಕೆಯಾಗಿದೆಯೇ ಎಂಬುದು ಇವುಗಳಿಂದಲೇ ವೈದ್ಯರಿಗೆ ತಿಳಿಯುತ್ತದೆ.