ನಿಮಗಿದು ಗೊತ್ತೆ? ಹಿಲ್ ಸ್ಟ್ರೀಟಿನ ಪಾದ್ರಿ
ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ ಆಫ್ರಿಕನ್ ಚರ್ಚಸ್ ಮಿಷನ್ ಕಟ್ಟಿದವರು ಬಿಳಿಯ ಪಾದ್ರಿಯಲ್ಲ, ನೈಜೀರಿಯಾದ ಕಲಬಾರ್ ಕಡೆಯಿಂದ ಹಡಗಿನ ಆಳಾಗಿ ಬಂದಿದ್ದ ಡೇನಿಯಲ್ಸ್ ಎಕಾರ್ಟೆ. ಟಾಕ್ಸ್‌ಟೆತ್‌ ಬಡಾವಣೆಯ ಹಿಲ್ ಸ್ಟ್ರೀಟಿನಲ್ಲಿ 1931ರಲ್ಲಿ ಶುರುವಾದ ಈ ಮಿಷನ್ನಿನಲ್ಲಿ ಬರೀ ಪ್ರಾರ್ಥನೆಯಲ್ಲ, ಹಸಿದ ಮಕ್ಕಳಿಗೆ ಪುಕ್ಕಟೆ ತಿಂಡಿಯೂ ನೆಲೆಯಿಲ್ಲದವರಿಗೆ ಆಸರೆಯೂ ಸಿಗುತ್ತಿತ್ತು.

ಎರಡನೇ ಮಹಾಯುದ್ಧ ಇನ್ನೊಂದು ಹೊಣೆ ತಂದಿತು. ಅಮೆರಿಕದ ಕಪ್ಪು ಸೈನಿಕರಿಗೂ ಬ್ರಿಟನ್ನಿನ ಬಿಳಿಯ ಹೆಂಗಸರಿಗೂ ಹುಟ್ಟಿದ ಎಷ್ಟೋ ಕೂಸುಗಳು ಯಾರಿಗೂ ಬೇಡವಾಗಿದ್ದವು. ತಂದೆ ಮದುವೆಯಾಗಲು ಒಪ್ಪಿದರೂ ಸೇನೆಯ ಮೇಲಧಿಕಾರಿಗಳು ಅನುಮತಿ ಕೊಡುತ್ತಿದ್ದುದು ಅಪರೂಪ. ಅಂಥ ಕೆಲವು ಮಕ್ಕಳನ್ನು ಎಕಾರ್ಟೆ ಮಿಷನ್ನಿನಲ್ಲೇ ಇಟ್ಟುಕೊಂಡು ಸಾಕಿದರು. ಕಾಸಿಗೆ ಸದಾ ತತ್ವಾರ. 1949ರಲ್ಲಿ ಅಧಿಕಾರಿಗಳು ಮಕ್ಕಳ ಮನೆಯನ್ನೇ ಮುಚ್ಚಿಸಿ, ಮಕ್ಕಳನ್ನು ಬೇರೆಡೆಗೆ ಸಾಗಿಸಿದರು. ಸಾಕಲು ಮುಂದೆ ಬಾರದವರಿಗೆ ಮುಚ್ಚಿಸಲು ಪುರುಸೊತ್ತಿತ್ತು ನೋಡಿ! ಎಕಾರ್ಟೆ 1964ರಲ್ಲಿ ತೀರಿಕೊಂಡರು.