ಕೆಂಬರಲಿಗೆ ಮೋಡದ ಬೆಳಕು

ಬಂದಳಿಕೆಯ ಸೋಮೇಶ್ವರ ದೇವಾಲಯದ ಬಾಗಿಲಿನ ಇಕ್ಕೆಲದಲ್ಲಿ ಕಲ್ಲಿನ ಜಾಲಂಧ್ರಗಳಿವೆ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಅವುಗಳಲ್ಲಿ ಪುಟ್ಟಪುಟ್ಟದಾಗಿ ಕೆತ್ತಿದ್ದಾರೆ. ಅವುಗಳ ಫೋಟೊ ತೆಗೆಯಲು ಬೇಕಾದದ್ದು ಓರೆಬಿಸಿಲು. ಅದು ಬಿದ್ದರೆ ಪ್ರತಿ ಗೆರೆಯೂ ತನ್ನ ನೆರಳಿನಿಂದ ಎದ್ದು ಕಾಣುತ್ತದೆ. ಮೋಡ ಕವಿದರೆ ಶಿಲ್ಪವೆಲ್ಲ ಚಪ್ಪಟೆ. ಅದೇ ಕ್ಯಾಮೆರಾ ಹೊತ್ತು ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋದರೆ ಲೆಕ್ಕವೇ ತಿರುಗುಮುರುಗು. ಅಲ್ಲಿನ ಕೆಂಬರಲಿಗೆ ಮೋಡದ ಬೆಳಕೇ ಸರಿ.

ಮಳೆಗಾಲದಲ್ಲಿ ಬೆಳಕಿಲ್ಲವೆಂದು ಕ್ಯಾಮೆರಾ ಒಳಗಿಡುವವರು ಬಹಳ. ಆದರೆ ಗುಡವಿಯ ನೀರಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳ ಸಂಸಾರ ಶುರುವಾಗುವುದೇ ಜೂನ್ ಮಳೆಯ ಜೊತೆಗೆ.

ಕೆಂಬರಲನ್ನು ಹತ್ತಿರದಿಂದ ನೋಡಿ. ಮೈ ಅಚ್ಚ ಬಿಳಿ. ತಲೆ, ಕುತ್ತಿಗೆ ಗರಿಯಿಲ್ಲದ ಕಪ್ಪು ತೊಗಲು. ಬಾಗಿದ ಕೊಕ್ಕೂ ಕಪ್ಪು, ಆ ಕಪ್ಪಿನ ನಡುವೆ ಕಣ್ಣೂ ಕಡುಗಂದು. ಬೆಳಕಿನ ಎರಡು ತುದಿಗಳೂ ಒಂದೇ ಹಕ್ಕಿಯಲ್ಲಿವೆ. ಕ್ಯಾಮೆರಾದ ಸೆನ್ಸರಿನ ಒಂದೊಂದು ಬಿಂದುವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುದಾವೇಶವಾಗಿ ಕೂಡಿಡುತ್ತದೆ. ಕೊಡ ತುಂಬಿದ ಮೇಲೆ ಸುರಿದ ನೀರೆಲ್ಲ ಹೊರಗೆ ಚೆಲ್ಲುವ ಹಾಗೆ, ಬಿಂದು ತುಂಬಿದ ಮೇಲೆ ಬಂದ ಬೆಳಕು ದಾಖಲಾಗುವುದಿಲ್ಲ. ನೆತ್ತಿಬಿಸಿಲಲ್ಲಿ ಬೆನ್ನಿನ ಗರಿಗಳ ಎಳೆಗಳು ಅಳಿಸಿಹೋಗುವುದು ಹೀಗೆ. ಆಮೇಲೆ ಯಾವ ಸಾಫ್ಟ್‌ವೇರೂ ಅವನ್ನು ಮರಳಿ ತರಲಾರದು. ಕತ್ತಲ ಭಾಗವನ್ನಾದರೆ ಸ್ವಲ್ಪ ಎತ್ತಬಹುದು. ಹಾಗಾಗಿ ಎಕ್ಸ್‌ಪೋಷರ್ ಹೊಂದಿಸುವಾಗ ಮೊದಲು ಕಾಯಬೇಕಾದದ್ದು ಬಿಳಿಯನ್ನು.

ಮೋಡವಿದ್ದಾಗ ಇಡೀ ಆಕಾಶವೇ ದೀಪ. ಬೆಳಕು ಎಲ್ಲ ಕಡೆಯಿಂದ ಬಂದು ಹೊಟ್ಟೆಯಡಿಗೂ ಕತ್ತಿನ ಸುಕ್ಕಿಗೂ ತಲುಪುತ್ತದೆ, ಬಿಳಿ-ಕಪ್ಪಿನ ಅಂತರ ಇಳಿಯುತ್ತದೆ. ಹಕ್ಕಿ ತಲೆ ಎತ್ತಿದರೆ ಕಣ್ಣಿನಲ್ಲಿ ಆಕಾಶವೇ ಹೊಳಪಿನ ಚುಕ್ಕೆಯಾಗಿ ಕೂರುತ್ತದೆ. ಆ ಚುಕ್ಕೆಗಾಗಿ ಕಾಯಬೇಕು. ಅದಿಲ್ಲದ ಕೆಂಬರಲಿಗೆ ಕಣ್ಣೇ ಇಲ್ಲವೆನ್ನಿಸುತ್ತದೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು ಮಾತ್ರ ಪೂರ್ತಿ ನಂಬಬಾರದು. ಎದುರಿನ ದೃಶ್ಯ ಬಿದ್ದ ಬೆಳಕಿನ ಸುಮಾರು 18 ಪ್ರತಿಶತವನ್ನು ಮರಳಿಸುವ ನಡುಬೂದು ಎಂದೇ ಅದರ ಎಣಿಕೆ. ಹಿಂದೆ ಕಪ್ಪು ನೀರೇ ಹೆಚ್ಚಿದ್ದರೆ ಅದು ಬೆಳಕು ಹೆಚ್ಚಿಸಿ ಬಿಳಿಯನ್ನು ಸುಡುತ್ತದೆ; ಆಗ ಒಂದು ಸ್ಟಾಪ್ ಇಳಿಸಿ, ಬೆಳಕು ಅರ್ಧವಾಗುತ್ತದೆ. ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಹಕ್ಕಿ ಮಂಕಾಗುತ್ತದೆ, ಆಗ ಏರಿಸಬೇಕು. ನನ್ನ ಆಯ್ಕೆ ಕೇಳಿದರೆ, ಆಕಾಶವನ್ನೇ ಚೌಕಟ್ಟಿನಿಂದ ಹೊರಗಿಡುವುದು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುವಷ್ಟು ಎತ್ತರದಲ್ಲಿ ನಿಂತು, ದೂರದ ಹಸಿರು ಅಥವಾ ನೀರು ಹಿಂದೆ ಬರುವಂತೆ ಒಂದೆರಡು ಹೆಜ್ಜೆ ಸರಿದರೆ ಸಾಕು. ಕೊಕ್ಕಿನ ಮುಂದೆ ಜಾಗವಿರಲಿ. ಚೌಕಟ್ಟು ಮತ್ತು ಬೆಳಕು ಬೇರೆಬೇರೆ ಪಾಠಗಳಲ್ಲ. ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದವರು. ಬಣ್ಣದ ಆಸರೆ ಇಲ್ಲದ ಅಂಥ ಚಿತ್ರಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ.

ಗೂಡಿನ ಹತ್ತಿರ ಹೋಗಬೇಡಿ, ಅಡ್ಡ ಬಂದ ರೆಂಬೆ ಸವರಬೇಡಿ. ತಾಯಿ ಎದ್ದುಹೋದರೆ ಮರಿಗಳು ಮಳೆಗೂ ಕಾಗೆಗೂ ಸಿಕ್ಕಿಬೀಳುತ್ತವೆ. ಉದ್ದ ಲೆನ್ಸ್ ಇರುವುದೇ ದೂರ ನಿಲ್ಲಲು.

ಮೋಡದ ದಿನ ಐಎಸ್ಓ 1600ಕ್ಕೆ ಏರಿಸಲು ಅಂಜಬೇಕಿಲ್ಲ. ಚಿತ್ರದಲ್ಲಿ ಕಾಳುಕಾಳು ಬಂದರೂ ಸಹಿಸಬಹುದು, ಅಲುಗಿದ ಕಣ್ಣನ್ನು ಸರಿಪಡಿಸಲಾಗದು. ಕೂತ ಹಕ್ಕಿಗೆ 1/500 ಸೆಕೆಂಡ್ ಸಾಲುತ್ತದೆ. ಹಾರುವುದಕ್ಕೆ 1/1600 ಇಟ್ಟುಕೊಂಡು, ರೆಕ್ಕೆ ಪೂರ್ತಿ ಮೇಲೆದ್ದಾಗ ಒತ್ತಿ: ರೆಕ್ಕೆಯಡಿಯ ಗರಿಯಿಲ್ಲದ ಕೆಂಪು ತೊಗಲು ಕಾಣುವುದು ಆಗಲೇ.