ಇಂಜಿನ್ ಆಯಿಲ್ ಎಲ್ಲಿ ಹೋಯಿತು?

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ರಬಕವಿ ಸುತ್ತಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಅವುಗಳ ತುಂಬ ಕಬ್ಬು. ಜಮಖಂಡಿ ಕಡೆಯಿಂದ, ಮುಧೋಳ ಕಡೆಯಿಂದ, ಕೃಷ್ಣಾ ದಂಡೆಯ ಹಳ್ಳಿಗಳಿಂದ ಹಗಲೂ ರಾತ್ರಿ ಕಾರ್ಖಾನೆಗಳಿಗೆ ಹೋಗುತ್ತವೆ. ಸಮೀರವಾಡಿ ಕಾರ್ಖಾನೆಯ ಕಡೆಗೆ ಹೋಗುವ ಗಾಡಿಗಳನ್ನು ನೀವೂ ನೋಡಿರಬೇಕು. ಆ ದಿನಗಳಲ್ಲಿ ಇಂಜಿನ್ನಿಗೆ ಬಿಡುವು ಎಂಬುದೇ ಇಲ್ಲ.

ಆಗ ಡ್ರೈವರ್ ಅಣ್ಣಂದಿರು ನಮ್ಮನ್ನು ಕೇಳುವುದುಂಟು: “ಸರ್ರ, ಆಯಿಲ್ ಎಲ್ಲೂ ಸೋರಿಲ್ಲ. ಕೆಳಗ ಒಂದ ಹನಿ ಬಿದ್ದಿಲ್ಲ. ಆದ್ರೂ ಕಡ್ಡಿ ತಗದು ನೋಡಿದ್ರ ಇಳದೈತಿ. ಎಲ್ಲಿ ಹೋತ್ರಿ ಅದು?”

ಒಳ್ಳೆಯ ಪ್ರಶ್ನೆ. ಸೋರದೆಯೂ ಎಣ್ಣೆ ಕಡಿಮೆಯಾಗುತ್ತದೆ. ಅದರಲ್ಲಿ ಒಂದು ಭಾಗ ಆವಿಯಾಗಿ ಹೋಗಿರುತ್ತದೆ.

ನೀರು ಆರುವುದು ನಮಗೆಲ್ಲ ಗೊತ್ತು. ಎಣ್ಣೆಯೂ ಆರುತ್ತದೆಯೇ? ಆರುತ್ತದೆ. ನೀರಿನಷ್ಟು ಬೇಗ ಅಲ್ಲ, ನೀರಿನ ಹಾಗೆ ಪೂರ್ತಿಯೂ ಅಲ್ಲ. ಇಂಜಿನ್ ಆಯಿಲ್ ನೋಡಲು ಒಂದೇ ಥರ ಕಾಣುತ್ತದೆ. ಆದರೆ ಅದರಲ್ಲಿ ಹಗುರ ಭಾಗವೂ ಇದೆ, ಭಾರದ ಭಾಗವೂ ಇದೆ. ಕಾವು ತಗುಲಿದಾಗ ಹಗುರ ಭಾಗ ಮೊದಲು ಏಳುತ್ತದೆ. ಭಾರದ ಭಾಗ ಉಳಿಯುತ್ತದೆ. ಉಳಿದ ಎಣ್ಣೆ ದಪ್ಪವಾಗುತ್ತದೆ.

ಇದನ್ನು ತಿಳಿಯಲು ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಮಹಾಲಿಂಗಪುರದ ಬೆಲ್ಲ ಹೆಸರಾದದ್ದು. ಆ ಸುತ್ತಿನ ಗಾಣದ ಮನೆಯಲ್ಲಿ ಏನು ಮಾಡುತ್ತಾರೆ? ಕಬ್ಬಿನ ಹಾಲು ಕುದಿಸುತ್ತಾರೆ. ನೀರು ಆವಿಯಾಗಿ ಹೋಗುತ್ತದೆ. ಹಾಲು ಗಟ್ಟಿಯಾಗುತ್ತ ಬರುತ್ತದೆ. ಕೈ ಆಡಿಸುವುದು ತಪ್ಪಿತೋ, ತಳ ಹತ್ತುತ್ತದೆ. ಅಲ್ಲಿ ನೀರು ಹೋಗಲಿ ಎಂದೇ ಬೆಂಕಿ ಹಾಕುತ್ತೇವೆ. ಇಂಜಿನ್ನಿನಲ್ಲಿ ಮಾತ್ರ ಯಾರಿಗೂ ಬೇಡವಾದ ಪಾಕ ಆಗುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೂ ಹತ್ತಿರದ ಉದಾಹರಣೆ ಮಿರ್ಚಿ ಕರಿಯುವ ಕಡಾಯಿ. ದಿನವೂ ಅದೇ ಎಣ್ಣೆ ಕಾಯಿಸಿದರೆ ಅದು ಕಪ್ಪಾಗುತ್ತದೆ, ಮಂದವಾಗುತ್ತದೆ. ಕಡಾಯಿಯ ಅಂಚಿಗೆ ಕಂದು ಬಣ್ಣದ ಅಂಟು ಕೂಡುತ್ತದೆ. ತಿಕ್ಕಿದರೂ ಅದು ಹೋಗುವುದಿಲ್ಲ. ಒಲೆಯ ಮೇಲಿನ ಗೋಡೆ ಮುಟ್ಟಿ ನೋಡಿ. ಅಲ್ಲಿಯೂ ಜಿಡ್ಡು. ಹಾರಿ ಹೋದ ಎಣ್ಣೆ ಗೋಡೆಗೆ ಕೂತಿದೆ.

ಈಗ ಇಂಜಿನ್ನಿನ ಒಳಗೆ ಹೋಗೋಣ. ಕೆಳಗೆ ಎಣ್ಣೆ ತುಂಬಿದ ಚೇಂಬರ್ ಇದೆ. ಅಲ್ಲಿ ಎಣ್ಣೆ ಸುಮಾರು 100 ಡಿಗ್ರಿ ಕಾಯುತ್ತದೆ. ಮೇಲೆ ಪಿಸ್ಟನ್ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಗಾಡಿಗಳು, ಅಂದರೆ ಕೊರೆದ ಸಾಲುಗಳು ಇರುತ್ತವೆ. ಆ ಸಾಲುಗಳಲ್ಲಿ ರಿಂಗುಗಳು ಕೂತಿರುತ್ತವೆ. ಮೇಲಿನ ರಿಂಗಿನ ಹತ್ತಿರ ಕಾವು 200 ಡಿಗ್ರಿ ಮೀರುತ್ತದೆ. ಅಲ್ಲಿರುವುದು ಎಣ್ಣೆಯ ಬಲು ತೆಳು ಪದರು. ಅದರ ಹಗುರ ಭಾಗ ಅಲ್ಲಿಂದಲೇ ಎದ್ದು ಹೋಗುತ್ತದೆ. ಸ್ವಲ್ಪ ಡೀಸೆಲ್ಲಿನ ಜೊತೆ ಉರಿಯುತ್ತದೆ. ಸ್ವಲ್ಪ ಬ್ರೀದರ್ ಪೈಪಿನಿಂದ ಹೊರಗೆ ಬರುತ್ತದೆ. ಕೆಲವು ಇಂಜಿನ್ನುಗಳಲ್ಲಿ ಈ ಆವಿಯನ್ನು ಮತ್ತೆ ಗಾಳಿಯ ದಾರಿಗೇ ಬಿಟ್ಟಿರುತ್ತಾರೆ. ಅಲ್ಲಿ ಅದು ವಾಲ್ವಿನ ಬೆನ್ನಿಗೆ ಮಸಿಯಾಗಿ ಕೂಡುತ್ತದೆ.

ರಿಂಗಿನ ಸಾಲಿನಲ್ಲಿ ಉಳಿದ ದಪ್ಪ ಎಣ್ಣೆಯ ಗತಿ ಏನು? ಬಿಸಿಯಲ್ಲಿ ಗಾಳಿ ತಾಗಿ ಅದು ಕೆಡುತ್ತದೆ. ಮೊದಲು ವಾರ್ನಿಷ್ ಬಳಿದಂತೆ ಕಂದು ಪದರು. ಅದಕ್ಕೆ ಡೀಸೆಲ್ ಉರಿದ ಮಸಿ ಸೇರುತ್ತದೆ. ದಿನ ಕಳೆದಂತೆ ಕಲ್ಲಿನಂಥ ಕಾರ್ಬನ್ ಆಗುತ್ತದೆ. ರಿಂಗು ಸಾಲಿನೊಳಗೆ ಸರಿದಾಡಬೇಕು, ಲೈನರಿಗೆ ಒತ್ತಿಕೊಂಡಿರಬೇಕು. ಕಾರ್ಬನ್ ತುಂಬಿದ ಮೇಲೆ ಅದು ಅಂಟಿಕೊಂಡು ನಿಲ್ಲುತ್ತದೆ. ಆಗ ಮೇಲಿನ ಉರಿಗಾಳಿ ಕೆಳಗೆ ಇಳಿಯುತ್ತದೆ. ಎಣ್ಣೆ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಆವಿಯಾಗುತ್ತದೆ. ಕೆಳಗಿನ ಎಣ್ಣೆಯೂ ಮೇಲೆ ನುಗ್ಗಿ ಉರಿಯುತ್ತದೆ. ಒಂದು ಕೇಡು ಇನ್ನೊಂದನ್ನು ಕರೆಯುತ್ತದೆ. ಗಾಡಿ ಏರು ಎಳೆಯಲಾರದು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಕೊನೆಗೆ ಮೇಸ್ತ್ರಿ ಇಂಜಿನ್ ಬಿಚ್ಚಬೇಕು ಅನ್ನುತ್ತಾನೆ. ಹಂಗಾಮಿನ ನಡುವೆ ಇಂಜಿನ್ ಬಿಚ್ಚಿದರೆ ಬಾಡಿಗೆಯೂ ಹೋಯಿತು, ಬ್ಯಾಂಕಿನ ಕಂತೂ ನಿಂತಿತು.

ಹೊಗೆಯ ಬಣ್ಣ ನೆನಪಿಡಿ. ನೀಲಿ ಹೊಗೆ ಎಣ್ಣೆ ಉರಿಯುವುದರ ಗುರುತು. ಕಪ್ಪು ಹೊಗೆ ಬೇರೆ. ಅದು ಡೀಸೆಲ್ ಹೆಚ್ಚಾಗಿ ಗಾಳಿ ಸಾಲದಾದಾಗ ಬರುವುದು. ಆಗ ಮೊದಲು ಏರ್ ಫಿಲ್ಟರ್ ನೋಡಬೇಕು.

ಎಲ್ಲ ಎಣ್ಣೆಯೂ ಒಂದೇ ಪ್ರಮಾಣದಲ್ಲಿ ಹಾರುವುದಿಲ್ಲ. ಇದನ್ನು ಅಳೆಯಲು ನೋಯಾಕ್ ಎಂಬ ಪರೀಕ್ಷೆ ಇದೆ. ಎಣ್ಣೆಯನ್ನು ತೂಗಿ, 250 ಡಿಗ್ರಿ ಬಿಸಿಯಲ್ಲಿ 1 ಗಂಟೆ ಇಡುತ್ತಾರೆ. ಮೇಲೆ ಗಾಳಿ ಹಾಯಿಸುತ್ತಾರೆ. ಮತ್ತೆ ತೂಗುತ್ತಾರೆ. 100 ಗ್ರಾಂನಲ್ಲಿ 15 ಗ್ರಾಂ ಹೋದರೆ ನಷ್ಟ ಶೇಕಡಾ 15. ಸಿಐ-4 ದರ್ಜೆಯ ಡೀಸೆಲ್ ಆಯಿಲಿಗೆ ಶೇಕಡಾ 15ರ ಮಿತಿ ಇದೆ. ಅದಕ್ಕಿಂತ ಹೊಸದಾದ ಸಿಕೆ-4 ದರ್ಜೆಗೆ 13. ನಿಮ್ಮ ಗಾಡಿಯಲ್ಲಿ ಇಷ್ಟೇ ಹೋಗುತ್ತದೆ ಎಂದು ಇದರ ಅರ್ಥವಲ್ಲ. ಯಾವ ಎಣ್ಣೆ ಕಾವಿಗೆ ಹೆಚ್ಚು ತಾಳುತ್ತದೆ ಎಂದು ಹೋಲಿಸಲು ಈ ಲೆಕ್ಕ.

ಈಗ ನಿಮ್ಮ ಓದು ಕೆಲಸಕ್ಕೆ ಬರುತ್ತದೆ. ಆಯಿಲ್ ಡಬ್ಬಿ ಕೈಗೆತ್ತಿಕೊಳ್ಳಿ. ಅಕ್ಷರಗಳು ಇಂಗ್ಲಿಷಿನಲ್ಲಿದ್ದಾವು. ಅಂಕಿ ನಿಮಗೆ ಬರುತ್ತವೆ. 15, ಆಮೇಲೆ 40 ಎಂದು ಇರಬಹುದು. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂದು ತಿಳಿಸುತ್ತದೆ. ಎರಡನೆಯದು ಕಾದಾಗ ಎಷ್ಟು ದಪ್ಪ ಇರುತ್ತದೆ ಎಂದು. ಟ್ರ್ಯಾಕ್ಟರಿನ ಪುಸ್ತಕದಲ್ಲಿಯೂ ಇಂಥ ಅಂಕಿ ಬರೆದಿರುತ್ತಾರೆ. ಎರಡನ್ನೂ ಹೋಲಿಸಿ ನೋಡಿ. ದರ್ಜೆಯನ್ನೂ ನೋಡಿ. ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತವೆ. ಖುಲ್ಲಾ ಆಯಿಲಿನ ಮೇಲೆ ಇದು ಯಾವುದೂ ಇರುವುದಿಲ್ಲ. ಬ್ಯಾರಲ್ಲಿನಿಂದ ಅಳೆದು ಕೊಡುವ ಅದರಲ್ಲಿ ಏನು ಬೆರೆತಿದೆಯೋ ಹೇಳುವವರಿಲ್ಲ. ಅಗ್ಗ ಎಂದು ಅದನ್ನು ಹಾಕುವುದು ನಮಗಂತೂ ಸರಿ ಕಾಣುವುದಿಲ್ಲ.

ಕಡ್ಡಿ ನೋಡುವುದಕ್ಕೂ ಒಂದು ರೀತಿ ಇದೆ. ಗಾಡಿ ಸಮ ನೆಲದ ಮೇಲೆ ನಿಂತಿರಬೇಕು. ಇಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಡಬೇಕು. ಕಡ್ಡಿ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆಯಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗೆ ಇಳಿದಿದ್ದರೆ ಹಾಕಿ. ಮೇಲಿನ ಗುರುತು ಮೀರಬಾರದು. ರಾತ್ರಿ ಇಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಅದು ಸೋರಿಕೆ. ಒಮ್ಮೊಮ್ಮೆ ಎಣ್ಣೆ ಇಳಿಯುವ ಬದಲು ಏರಿರುತ್ತದೆ! ಖುಷಿ ಪಡಬೇಡಿ. ಡೀಸೆಲ್ ಅಥವಾ ನೀರು ಸೇರಿದೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದು ನೀರೇ. ಇಂಜಿನ್ ಚಾಲೂ ಮಾಡದೆ ಮೇಸ್ತ್ರಿಯನ್ನು ಕರೆಸಿ.

“ಕಡಿಮಿ ಆದಾಗೆಲ್ಲಾ ಹಾಕ್ತೀವಲ್ಲ, ಮತ್ತ್ಯಾಕ ಬದಲಿ ಮಾಡೂದು?” ಎಂದು ಕೆಲವರು ಕೇಳುತ್ತಾರೆ. ಹಾರಿ ಹೋದದ್ದು ಹಗುರ ಭಾಗ. ಮಸಿ, ಕೆಟ್ಟ ಎಣ್ಣೆ ಎಲ್ಲ ಒಳಗೇ ಉಳಿದಿವೆ. ಹೊಸದು ಸುರಿದರೆ ಅವು ಹೊರಗೆ ಬರುವುದಿಲ್ಲ. ಎಣ್ಣೆ ಕಪ್ಪಾದದ್ದು ಮಾತ್ರ ಕೆಟ್ಟದ್ದರ ಗುರುತಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಒಳ್ಳೆಯ ಎಣ್ಣೆ ಬೇಗ ಕಪ್ಪಾಗುತ್ತದೆ. ಮಸಿಯನ್ನು ಪಿಸ್ಟನ್ನಿಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುವುದು ಅದರ ಕೆಲಸ. ಆದ್ದರಿಂದ ಬಣ್ಣ ನೋಡಬೇಡಿ, ಮೀಟರ್ ನೋಡಿ. ಪುಸ್ತಕದಲ್ಲಿ ಎಷ್ಟು ತಾಸು ಎಂದಿದೆಯೋ ಅಷ್ಟಕ್ಕೆ ಎಣ್ಣೆ ಬದಲಿಸಿ. ಫಿಲ್ಟರನ್ನೂ ಪುಸ್ತಕದಲ್ಲಿ ಹೇಳಿದಂತೆ ಬದಲಿಸಿ.

ಟರ್ಬೊ ಇರುವ ಗಾಡಿಗೆ ಇನ್ನೊಂದು ಮಾತು. ಭಾರ ಎಳೆದು ಬಂದ ಕೂಡಲೇ ಬಂದ್ ಮಾಡಬೇಡಿ. ಎರಡು ಮೂರು ನಿಮಿಷ ನಿಧಾನಕ್ಕೆ ಓಡಲಿ. ಇಲ್ಲದಿದ್ದರೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಅಲ್ಲಿಯೇ ಸುಟ್ಟು ಕರಕಾಗುತ್ತದೆ.

ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ, ಕಾಲುವೆಗೆ ಚೆಲ್ಲಬೇಡಿ. ನಮ್ಮ ಹಳ್ಳದ ನೀರು ಕೃಷ್ಣೆಗೇ ಹೋಗುತ್ತದೆ. ಅದು ಚರ್ಮಕ್ಕೂ ಒಳ್ಳೆಯದಲ್ಲ, ಕೈಗೆ ತಾಗಿದರೆ ಸಾಬೂನಿನಿಂದ ತೊಳೆಯಿರಿ. ಡಬ್ಬಿಯಲ್ಲಿ ತುಂಬಿ ಮುಚ್ಚಿ, ಹಳೆಯ ಎಣ್ಣೆ ಶುದ್ಧ ಮಾಡುವ ಪರವಾನಗಿ ಇದ್ದವರಿಗೆ ಮುಟ್ಟಿಸುವ ಗ್ಯಾರೇಜಿಗೆ ಕೊಡಿ. ಎಣ್ಣೆ ಬದಲಿಸಿದ ತಾರೀಖು, ಮೀಟರಿನ ತಾಸು, ನಡುವೆ ಎಷ್ಟು ಲೀಟರ್ ಹಾಕಿದಿರಿ, ಈ ಮೂರನ್ನೂ ಒಂದು ವಹಿಯಲ್ಲಿ ನಿಮ್ಮ ಕೈಯಿಂದಲೇ ಬರೆದಿಡಿ. ಮುಂದಿನ ಹಂಗಾಮಿನಲ್ಲಿ ಎಣ್ಣೆ ಹೆಚ್ಚು ಇಳಿಯತೊಡಗಿದರೆ ಆ ವಹಿಯನ್ನೇ ಮೇಸ್ತ್ರಿಗೆ ತೋರಿಸಬಹುದು.